ಕಲ್ಲಿಗೆ ಕಾವು ಕೊಟ್ಟ ಕೋಳಿ

"ಗುರುಗಳೇ, ತಪ್ಪು ಮಾಡುತ್ತಿರುವವನಿಗೆ ಅವನ ತಪ್ಪನ್ನು ಎಷ್ಟು ಸಲ ತಿಳಿಸಿ ಹೇಳಬೇಕು?" ಎಂದು ಹಾಲಯ್ಯ ಕೇಳಿದ.

"ಯಾರ ವಿಷಯ?" ಎಂದರು ಗುರುಗಳು.

ಗೂಳಯ್ಯನ ವಿಷಯ. ಹಾಲಯ್ಯ, ಗೂಳಯ್ಯ ಇಬ್ಬರೂ ಒಂದೇ ವರ್ಷ ಮಠಕ್ಕೆ ಸೇರಿದವರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಬೆಳಗಿನ ಪ್ರಾರ್ಥನೆಯ ಮೂರನೆಯ ಸಾಲಿನಲ್ಲಿ ಗೂಳಯ್ಯ ಒಂದು ಪದವನ್ನು ತಪ್ಪಾಗಿ ಹೇಳುತ್ತಿದ್ದ. ಹಾಲಯ್ಯ ಮೊದಲು ಮೆಲ್ಲಗೆ ತಿದ್ದಿದ. ಆಮೇಲೆ ಪ್ರಾರ್ಥನೆ ಬರೆದ ತಾಳೆಯೋಲೆ ತಂದು ತೋರಿಸಿದ. ಪದ ಎಲ್ಲಿಂದ ಬಂತು, ಹೇಗೆ ಬಂತು ಎಂದು ಬಿಡಿಸಿ ಹೇಳಿದ. ಹೀಗೆ ಎರಡು ತಿಂಗಳು ಕಳೆದವು. ಈಗ ಗೂಳಯ್ಯ ಊಟಕ್ಕೆ ಬೇರೆ ಪಂಕ್ತಿಯಲ್ಲಿ ಕೂರುತ್ತಾನೆ. ತನ್ನ ಚಾಪೆಯನ್ನೂ ಸುತ್ತಿಕೊಂಡು ಉಗ್ರಾಣಕ್ಕೆ ಒಯ್ದಿದ್ದಾನೆ.

"ಆದರೂ ಆ ಪದವನ್ನು ತಪ್ಪಾಗಿಯೇ ಹೇಳುತ್ತಾನೆ, ಗುರುಗಳೇ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ರೈತನಿದ್ದ. ಊರಿನಲ್ಲಿ ಅವನಿಗೆ ನ್ಯಾಯವಂತನೆಂದು ಹೆಸರು. ಇಬ್ಬರ ನಡುವೆ ಬದುವಿನ ಜಗಳ ಬಂದರೆ, ಒಬ್ಬನ ಆಡು ಇನ್ನೊಬ್ಬನ ಬೇಲಿ ನುಗ್ಗಿದರೆ, ಜನ ಅವನ ಬಾಗಿಲಿಗೆ ಬರುತ್ತಿದ್ದರು. ಅವನು ಯಾರ ಮೇಲೂ ದನಿ ಎತ್ತಿದವನಲ್ಲ. ಸುಳ್ಳು ಹೇಳಿದವನಲ್ಲ. ಎದುರಿಗಿದ್ದವನಿಗೆ ವಿಷಯ ತಿಳಿಯುವವರೆಗೆ ಹೇಳಿದ್ದನ್ನೇ ತಾಳ್ಮೆಯಿಂದ ಹೇಳುತ್ತಿದ್ದ. ಅವನೊಡನೆ ವಾದಿಸಿ ಸೋತವರು ಕೋಪ ಮಾಡಿಕೊಂಡು ಹೋಗುತ್ತಿರಲಿಲ್ಲ, ಸುಸ್ತಾಗಿ ಹೋಗುತ್ತಿದ್ದರು.

ಮನೆಯಲ್ಲಿ ಅವನು, ಅವನ ಹೆಂಡತಿ. ಹಿತ್ತಿಲಲ್ಲಿ ಒಂದು ಜೊತೆ ಎತ್ತು, ಒಂದು ಆಡು, ಹದಿನಾಲ್ಕು ಕೋಳಿ, ಒಂದು ಹುಂಜ. ಹೆಂಡತಿಗೆ ಮೊಣಕಾಲಿನ ನೋವು. ಮನೆಯಿಂದ ಬಾವಿಗೆ, ಬಾವಿಯಿಂದ ಮನೆಗೆ ನಡೆದಾಡುವಷ್ಟರಲ್ಲಿ ಒಮ್ಮೆ ಕೂತು ಏಳುತ್ತಿದ್ದಳು. ಕೋಳಿಗಳು ಅವಳವು. ಕಾಳು ಚೆಲ್ಲಿ ಬಾಯಲ್ಲಿ ಸದ್ದು ಮಾಡಿದರೆ ಹಿತ್ತಿಲಿನ ಮೂಲೆ ಮೂಲೆಯಿಂದ ಓಡಿಬರುತ್ತಿದ್ದವು. ರೈತ ಅದೇ ಸದ್ದು ಮಾಡಿದರೆ ತಲೆ ಎತ್ತಿ ನೋಡಿ, ಮತ್ತೆ ಕೆದಕಲು ಹೋಗುತ್ತಿದ್ದವು.

ಶ್ರಾವಣದ ಒಂದು ಬೆಳಿಗ್ಗೆ ರೈತ ಎತ್ತುಗಳಿಗೆ ಮೇವು ಹಾಕಲು ಕೊಟ್ಟಿಗೆಗೆ ಹೋದ. ಬಲಗಡೆಯ ಎತ್ತು ಗೋದಲಿಯಿಂದ ಎರಡು ಹೆಜ್ಜೆ ಹಿಂದೆ ನಿಂತಿತ್ತು. ಹಗ್ಗ ಬಿಗಿಯಾಗುವಷ್ಟು ಹಿಂದೆ. ರೈತ ಬಗ್ಗಿ ನೋಡಿದ. ಗೋದಲಿಯ ಒಳಗೆ, ಮೇವಿನ ನಡುವೆ, ಚುಕ್ಕೆ ಕೋಳಿ ಕಾವಿಗೆ ಕೂತಿತ್ತು. ಮೈಯನ್ನು ರೊಟ್ಟಿಯ ಹಾಗೆ ಅಗಲ ಮಾಡಿಕೊಂಡಿತ್ತು. ಎತ್ತು ಮೂತಿ ತಂದರೆ ಮೂತಿಗೆ ಕುಕ್ಕುತ್ತಿತ್ತು. ರೈತ ಕೈ ಚಾಚಿದ. ಅವನ ಕೈಗೂ ಕುಕ್ಕಿತು. ಎರಡೂ ಕೈ ಹಾಕಿ ಎತ್ತಿದ. ಕೆಳಗೆ ಮೊಟ್ಟೆ ಇರಲಿಲ್ಲ. ಒಂದು ನುಣ್ಣನೆಯ ಗುಂಡುಕಲ್ಲಿತ್ತು.

ರೈತನಿಗೆ ನಗು ಬಂತು. ಹೆಂಡತಿಯನ್ನು ಕರೆದು ತೋರಿಸಿದ. ಅವಳೂ ನಕ್ಕಳು.

"ಕೂರಬೇಕು ಅಂತ ಅದಕ್ಕೆ ಆಸೆಯಾಗಿದೆ. ಏಳೆಂಟು ಮೊಟ್ಟೆ ಇಟ್ಟು ಮೂಲೆಯಲ್ಲಿ ಕೂರಿಸೋಣ. ಮರಿಯಾದರೂ ಆಗುತ್ತವೆ" ಎಂದಳು.

"ಕಲ್ಲಿನ ಮೇಲೆ ಕೂತದ್ದಕ್ಕೆ ಮೊಟ್ಟೆಯ ಉಡುಗೊರೆಯೇ? ಮೊದಲು ಅದಕ್ಕೆ ತಾನು ಮಾಡಿದ್ದು ತಪ್ಪು ಅಂತ ತಿಳಿಯಲಿ. ಆಮೇಲೆ ನೋಡೋಣ" ಎಂದ ರೈತ.

ಅವನು ಕಲ್ಲನ್ನು ಎತ್ತಿ ಕೋಳಿಯ ಮುಂದೆ ಹಿಡಿದ. ನೆಲಕ್ಕೆ ಕುಟ್ಟಿ ಸದ್ದು ಮಾಡಿ ತೋರಿಸಿದ. "ನೋಡು, ಇದು ಕಲ್ಲು. ಕಾವು ಕೊಟ್ಟರೆ ಕಲ್ಲು ಬಿಸಿಯಾಗುತ್ತದೆ, ಮರಿಯಾಗುವುದಿಲ್ಲ" ಎಂದ. ಕೋಳಿ ಒಂದು ಕಣ್ಣಿನಿಂದ ಕಲ್ಲನ್ನು ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ರೈತನನ್ನು ನೋಡಿತು. ಅವನು ಕಲ್ಲನ್ನು ಬೇಲಿಯಾಚೆ ಎಸೆದು ಹೊಲಕ್ಕೆ ಹೋದ.

ಸಂಜೆ ಬಂದಾಗ ಕೋಳಿ ಗೋದಲಿಯಲ್ಲೇ ಇತ್ತು. ಕೆಳಗೆ ಒಂದು ಬೆರಣಿಯ ಚೂರಿತ್ತು.

ಬೆರಣಿಯನ್ನು ತೆಗೆದ. ಮರುದಿನ ಜೋಳದ ಬೆಂಡಿನ ಮೇಲೆ ಕೂತಿತ್ತು. ಬೆಂಡನ್ನು ತೆಗೆದು, ಗೋದಲಿಯನ್ನು ಗುಡಿಸಿ ಸಾರಿಸಿದ. ಅದರ ಮರುದಿನ ಕೋಳಿ ಏನೂ ಇಲ್ಲದ ಬರಿ ಗೋದಲಿಯಲ್ಲಿ ಕೂತಿತ್ತು. ಕಲ್ಲಿದ್ದಾಗ ಇದು ಮೊಟ್ಟೆಯಲ್ಲ, ಕಲ್ಲು ಎಂದು ಹೇಳಬಹುದಿತ್ತು. ಈಗ ಅದಕ್ಕೆ ಹೇಳುವುದಾದರೂ ಏನನ್ನು? ರೈತನಿಗೆ ಮೊದಲ ಸಲ ಸಿಟ್ಟು ಬಂತು.

ಸುದ್ದಿ ಊರಲ್ಲಿ ಹರಡಿತು. ಜನ ನೋಡಲು ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ, ಒಂದೊಂದು ಉಪಾಯ ತಂದರು. ತಣ್ಣೀರಿನಲ್ಲಿ ಮುಳುಗಿಸಿದರೆ ಕಾವು ಇಳಿಯುತ್ತದೆ ಎಂದ ಒಬ್ಬ. ರೈತ ಮುಳುಗಿಸಿದ. ಕೋಳಿ ಮೈ ಕೊಡವಿ, ತೊಟ್ಟಿಕ್ಕುತ್ತಾ ನಡೆದುಹೋಗಿ ಗೋದಲಿಯಲ್ಲಿ ಕೂತಿತು. ಕಾಲಿಗೆ ಕೆಂಪು ಬಟ್ಟೆ ಕಟ್ಟಿದರೆ ಅದಕ್ಕೆ ಹೆದರಿ ಓಡಾಡುತ್ತದೆ, ಕೂರುವುದಿಲ್ಲ ಎಂದ ಇನ್ನೊಬ್ಬ. ರೈತ ಹೆಂಡತಿಯ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ. ಕೋಳಿ ನಿಜಕ್ಕೂ ಹೆದರಿ ಹಿತ್ತಿಲೆಲ್ಲ ಓಡಿತು. ಆಡು ಅದರ ಹಿಂದೆ ಓಡಿ ಬಟ್ಟೆಯನ್ನು ಕಿತ್ತು ತಿಂದಿತು. ಕೋಳಿ ನೆಮ್ಮದಿಯಿಂದ ಗೋದಲಿಗೆ ಹೋಯಿತು.

ಒಂದು ದಿನ ರೈತ ಅದನ್ನು ಕಂಬಳಿಯಲ್ಲಿ ಸುತ್ತಿ ಕೆರೆಯಾಚೆಯ ಹೊಲಕ್ಕೆ ಒಯ್ದು ಬಿಟ್ಟ. ಅಲ್ಲಿ ಗೋದಲಿಯಿಲ್ಲ, ಎತ್ತಿಲ್ಲ, ಬುದ್ಧಿ ಬರಲಿ ಎಂದುಕೊಂಡ. ಅವನು ಸಂಜೆಯವರೆಗೆ ಜೋಳದ ಸಾಲಿನಲ್ಲಿ ಎಡೆ ಹೊಡೆದು, ಕಳೆ ತೆಗೆದು ಮನೆಗೆ ಬಂದಾಗ ಕೋಳಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಕೆರೆಯ ಏರಿಯ ಮೇಲೆ ಅದು ಒಂದೇ ಸಮನೆ ನಡೆದುಕೊಂಡು ಹೋದದ್ದನ್ನು ಕಂಡವರಿದ್ದರು. ಹೊತ್ತಾಯಿತೆಂದು ಮನೆಗೆ ಹೋಗುವ ಹೆಂಗಸಿನ ಹಾಗೆ ಹೋಯಿತು ಎಂದರು.

ಅಷ್ಟರಲ್ಲಿ ಬಲಗಡೆಯ ಎತ್ತು ಗೋದಲಿಯ ಆಸೆಯನ್ನೇ ಬಿಟ್ಟಿತ್ತು. ರೈತ ಅದಕ್ಕೆ ನೆಲದ ಮೇಲೆ ಮೇವು ಹಾಕತೊಡಗಿದ್ದ. ಹೆಂಡತಿ ಇದನ್ನು ನೋಡಿ, "ಎತ್ತು ರಾಜಿಯಾಗಿದೆ" ಎಂದಳು. ರೈತ ನಗಲಿಲ್ಲ.

ಅವನು ಹೊಲಕ್ಕೆ ಹೋಗುವುದು ಕಡಿಮೆಯಾಯಿತು. ಕಳೆ ಬೆಳೆಯಿತು. ನ್ಯಾಯ ಕೇಳಲು ಬಂದವರನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಮಾತಾಡಿಸಿದ. ಮಾತಿನ ನಡುವೆ ತಿರುಗಿ ತಿರುಗಿ ಗೋದಲಿಯ ಕಡೆ ನೋಡಿದ. ಮನೆಗೆ ಬಂದ ಒಬ್ಬ ನೆಂಟ, "ಹೋಗಲಿ ಬಿಡು, ಅದೊಂದು ಕೋಳಿ" ಎಂದ. ರೈತ ಅವನನ್ನು ಕೂರಿಸಿಕೊಂಡು, ಇದು ಕೋಳಿಯ ಮಾತಲ್ಲ, ಇಲ್ಲದ್ದನ್ನು ಇದೆ ಎಂದು ನಂಬುವುದರ ಮಾತು ಎಂದು ವಿವರಿಸಿದ. ನೆಂಟ ಊಟಕ್ಕೆ ನಿಲ್ಲದೆ ಹೊರಟ.

ಕೊನೆಗೆ ಪಕ್ಕದ ಮನೆಯ ಅಜ್ಜಿ ಹೇಳಿದಳು: "ಮಂಕರಿ ಬುಟ್ಟಿಯ ಅಡಿಯಲ್ಲಿ ಮೂರು ದಿನ ಮುಚ್ಚಿಡಪ್ಪ. ನೀರು ಕೊಡು, ಕಾಳು ಕೊಡು, ಹುಲ್ಲು ಮಾತ್ರ ಹಾಕಬೇಡ. ಅದಕ್ಕೂ ಏಳದಿದ್ದರೆ ಅದರದೇ ಒಂದು ಗರಿ ಕಿತ್ತು ಮೂಗಿಗೆ ಅಡ್ಡ ಚುಚ್ಚು. ಗರಿ ಕೊಡವುವುದೇ ಕೆಲಸವಾಗಿ ಕಾವು ಮರೆಯುತ್ತದೆ."

ರೈತ ಮಂಕರಿ ತಂದು ಕೋಳಿಯನ್ನು ಮುಚ್ಚಿ, ಮೇಲೆ ಒರಳುಗುಂಡು ಹೇರಿದ. ಹುಂಜ ಬಂದು ಮಂಕರಿಯನ್ನು ಸುತ್ತು ಹಾಕಿ, ಅದರ ಮೇಲೇರಿ ಕೂಗಿ ಹೋಯಿತು. ಒಂದನೆಯ ದಿನ ಕಳೆಯಿತು. ಎರಡನೆಯ ದಿನವೂ ಕಳೆಯಿತು.

ಮೂರನೆಯ ದಿನ ಬೆಳಿಗ್ಗೆ ಒಬ್ಬ ಬಳೆಗಾರ ಬಂದ. ಹೆಂಡತಿಯ ತವರೂರಿನ ಕಡೆಯಿಂದ ಬಂದವನು. ಗಂಟು ಇಳಿಸುವ ಮೊದಲೇ ಅವಳನ್ನು ಕರೆದು, "ತಾಯಿ, ನಿಮ್ಮ ಅವ್ವನಿಗೆ ಮೈ ನೆಟ್ಟಗಿಲ್ಲ. ಮಗಳನ್ನು ನೋಡಬೇಕು ಎನ್ನುತ್ತಿದ್ದಾರೆ. ನಿಮ್ಮ ತಮ್ಮ ಹೇಳಿಕಳಿಸಿದ" ಎಂದ.

ತವರು ಮೂರು ಹರದಾರಿ ದೂರ. ಬಂಡಿ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಹೋಗಿ ಸೇರಬಹುದು. ಹೆಂಡತಿ ಸೀರೆ ಬದಲಿಸಿ ಬಂದಳು. ರೈತ ಮಂಕರಿಯ ಪಕ್ಕದಲ್ಲಿ ಕೂತಿದ್ದ.

"ಬಂಡಿ ಕಟ್ಟಿ. ಅವ್ವನನ್ನು ನೋಡಬೇಕು."

"ಹೋಗೋಣ. ನಾಳೆ ಬೆಳಿಗ್ಗೆ ಹೊರಡೋಣ. ಇವತ್ತು ಮೂರನೆಯ ದಿನ. ಸಂಜೆ ಮಂಕರಿ ಎತ್ತಬೇಕು. ಈಗ ಬಿಟ್ಟುಹೋದರೆ ಇಷ್ಟು ದಿನದ ಪಾಡು ನೀರುಪಾಲು."

"ಅಜ್ಜಿ ಎತ್ತುತ್ತಾಳೆ."

"ಅಜ್ಜಿಯ ಕಣ್ಣು ಮಂದ. ಕೋಳಿ ಗೋದಲಿಗೆ ನುಗ್ಗಿದರೆ ಅವಳಿಗೆ ಕಾಣುವುದಿಲ್ಲ. ನೀನೇ ಯೋಚಿಸು. ನಿಮ್ಮ ಅವ್ವ ಹಿಂದೆಯೂ ಎರಡು ಸಲ ಹೀಗೇ ಕರೆಸಿದ್ದಳು. ನಾವು ಹೋಗುವಷ್ಟರಲ್ಲಿ ಎದ್ದು ಅಂಗಳ ಗುಡಿಸುತ್ತಿದ್ದಳು. ಒಂದು ದಿನದಲ್ಲಿ ಏನೂ ಆಗುವುದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಜ್ಜಿಯ ಕಣ್ಣು ಮಂದವೇ. ಅವ್ವ ಎರಡು ಸಲ ಕರೆಸಿದ್ದೂ ನಿಜ, ಅಂಗಳ ಗುಡಿಸುತ್ತಿದ್ದದ್ದೂ ನಿಜ. ಹೆಂಡತಿ ಒಳಗೆ ಹೋದಳು. ಹೊರಡಲೆಂದು ಉಟ್ಟ ಸೀರೆಯನ್ನು ಬದಲಿಸಲಿಲ್ಲ.

ಸಂಜೆ ರೈತ ಮಂಕರಿ ಎತ್ತಿದ. ಚುಕ್ಕೆ ಕೋಳಿ ಎದ್ದು ನಿಂತಿತು. ಒಂದು ರೆಕ್ಕೆ ಚಾಚಿತು, ಒಂದು ಕಾಲು ಚಾಚಿತು. ಕಾಳು ತಿಂದಿತು. ಉಳಿದ ಕೋಳಿಗಳ ಜೊತೆ ತಿಪ್ಪೆಗೆ ಹೋಗಿ ಕೆದಕಿತು. ರೈತನ ಎದೆ ಹಗುರವಾಯಿತು. ಕೊಟ್ಟಿಗೆಯಿಂದಲೇ ಕೂಗಿ ಹೇಳಿದ: "ನೋಡಿದೆಯಾ? ಎದ್ದಿತು!" ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು, ದಾರಿಗೆ ಬುತ್ತಿ.

ಬೆಳಿಗ್ಗೆ ರೈತ ಬಂಡಿ ಕಟ್ಟಲು ಎತ್ತು ಬಿಚ್ಚಿದ. ಬಲಗಡೆಯ ಎತ್ತು ಎರಡು ಹೆಜ್ಜೆ ಹಿಂದೆ ನಿಂತಿತ್ತು. ಗೋದಲಿಯಲ್ಲಿ ಕೋಳಿ ಕೂತಿತ್ತು.

ರೈತ ಹಗ್ಗವನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ನಿಂತ. ಯಾರೋ ಅವನ ಮುಖದ ಮುಂದೆಯೇ ಅವನನ್ನು ಸುಳ್ಳುಗಾರ ಎಂದ ಹಾಗಾಯಿತು. ಎತ್ತನ್ನು ಮತ್ತೆ ಗೂಟಕ್ಕೆ ಕಟ್ಟಿದ. ಹೆಂಡತಿ ಬುತ್ತಿಯ ಗಂಟು ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು.

"ಊಟದ ಹೊತ್ತಿಗೆ ಹೊರಟುಬಿಡೋಣ. ಗರಿ ಚುಚ್ಚುವುದೊಂದು ಉಳಿದಿದೆ. ಅದು ಎಷ್ಟು ಹೊತ್ತಿನ ಕೆಲಸ?" ಎಂದ.

ಅವಳು ಕೋಳಿಯನ್ನು ನೋಡಿದಳು. ಎತ್ತನ್ನು ನೋಡಿದಳು. "ನಾನು ಹೊರಟೆ" ಎಂದಳು.

"ಆ ಕಾಲಿನಲ್ಲಿ ನಡೆಯುತ್ತೀಯಾ? ಸಂಜೆಯಾಗುತ್ತದೆ. ಊಟದ ಹೊತ್ತಿಗೆ ಬಂಡಿಯಲ್ಲಿ ಹೊರಟರೂ ನಿನಗಿಂತ ಮೊದಲು ಹೋಗಿ ಸೇರುತ್ತೇವೆ. ಲೆಕ್ಕ ಹಾಕಿ ನೋಡು."

ಅದೂ ಸರಿಯಾದ ಮಾತೇ ಆಗಿತ್ತು. ಅವಳು ಗಂಟನ್ನು ಕಂಕುಳಲ್ಲಿಟ್ಟುಕೊಂಡು ನಡೆದಳು. ಅವಳು ಬೀದಿಯ ತಿರುವಿನಲ್ಲಿ ಒಮ್ಮೆ ಕೂತು ಎದ್ದದ್ದು ರೈತನಿಗೆ ಕಾಣಿಸಿತು. ದಾರಿಯಲ್ಲಿ ಬಂಡಿ ಹತ್ತಿಸಿಕೊಂಡರಾಯಿತು ಎಂದುಕೊಂಡು ಅವನು ಕೊಟ್ಟಿಗೆಗೆ ತಿರುಗಿದ.

ಗರಿ ಚುಚ್ಚುವ ಕೆಲಸ ಅವನು ತಿಳಿದಷ್ಟು ಸುಲಭವಾಗಿರಲಿಲ್ಲ. ಕೋಳಿಯನ್ನು ಹಿಡಿಯಲು ಒಬ್ಬ ಬೇಕು, ಗರಿ ಹಿಡಿಯಲು ಒಬ್ಬ ಬೇಕು. ಅವನು ಕೋಳಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಒಂದು ಗರಿ ಕಿತ್ತ. ಕೋಳಿ ಊರೆಲ್ಲ ಕೇಳುವಂತೆ ಅರಚಿ, ಅವನ ಕೈ ತರಚಿ, ಹಾರಿ ಕೊಟ್ಟಿಗೆಯ ಮಾಡಿನ ಮೇಲೆ ಕೂತಿತು. ಅವನು ಏಣಿ ತಂದ. ಅವನು ಈ ಕಡೆ ಹತ್ತಿದರೆ ಅದು ಆ ಕಡೆ ಹೋಯಿತು. ಆ ಕಡೆ ಏಣಿ ಇಟ್ಟರೆ ಈ ಕಡೆ ಬಂತು. ಕೆಳಗೆ ನಿಂತ ಆಡು ಏಣಿಯ ಹಗ್ಗ ಜಗಿಯತೊಡಗಿತು. ಊಟದ ಹೊತ್ತು ಮೀರಿತು. ಅವನಿಗೆ ಹಸಿವೆಯೂ ತಿಳಿಯಲಿಲ್ಲ. ಬಿಸಿಲು ಇಳಿದ ಮೇಲೆ ಕೋಳಿ ತಾನಾಗಿ ಕೆಳಗಿಳಿದು, ಅವನ ಕಣ್ಣೆದುರಿಗೇ ನಡೆದು, ಗೋದಲಿ ಸೇರಿತು.

ಈಗ ಅವಳು ಊರು ತಲುಪಿರುತ್ತಾಳೆ, ಇನ್ನು ಹೋಗಿ ಉಪಯೋಗವಿಲ್ಲ, ಬೆಳಿಗ್ಗೆ ಹೋದರಾಯಿತು ಎಂದುಕೊಂಡ ರೈತ.

ಬೆಳಿಗ್ಗೆ ಅವನು ಕೊನೆಯದಾಗಿ ಇನ್ನೊಮ್ಮೆ ಕೋಳಿಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದಿದ್ದ. ಮೊಣಕೈವರೆಗೆ ನೀರು. ಹೆಂಡತಿಯ ತವರೂರಿನ ಒಬ್ಬ ಆಳು ಬಂದು ಹಿತ್ತಿಲ ಬಾಗಿಲಲ್ಲಿ ನಿಂತ. ತಲೆಗೆ ಸುತ್ತಿದ್ದ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ಅವನು ಬಾಯಿ ತೆರೆಯುವ ಮೊದಲೇ ರೈತನಿಗೆ ಸುದ್ದಿ ತಿಳಿಯಿತು. ಕೈ ಸಡಿಲವಾಯಿತು. ಕೋಳಿ ನೀರಿನಿಂದ ಹಾರಿ ಓಡಿತು. ಎತ್ತ ಓಡಿತು ಎಂದು ಅವನು ನೋಡಲಿಲ್ಲ.

ಅವನು ಆ ಆಳನ್ನು ಕೂರಿಸಿಕೊಂಡು ಬಂಡಿ ಹೊಡೆದ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದ. ಹಿಂದೆ ಎರಡು ಸಲ ಹೀಗೇ ಆಗಿತ್ತು. ಬಳೆಗಾರ ಮೈ ನೆಟ್ಟಗಿಲ್ಲ ಎಂದನೇ ಹೊರತು ಸಾಯುತ್ತಾಳೆ ಎನ್ನಲಿಲ್ಲ. ಊಟದ ಹೊತ್ತಿಗೆ ಹೊರಡೋಣ ಎಂದು ತಾನೇ ಹೇಳಿದ್ದ, ಅವಳು ಕಾಯಲಿಲ್ಲ. ಒಂದೊಂದು ಮಾತನ್ನೂ ತಿರುಗಿಸಿ ನೋಡಿದ. ಯಾವುದರಲ್ಲೂ ತಪ್ಪಿರಲಿಲ್ಲ.

ಅವನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ಅವನ ಹೆಂಡತಿ ಗೋಡೆಗೆ ಒರಗಿ ಒಂದು ಕಾಲು ಚಾಚಿದ್ದಳು. ಮೊಣಕಾಲು ಊದಿಕೊಂಡಿತ್ತು. ಯಾರೋ ಎಕ್ಕದ ಎಲೆ ಕಾಯಿಸಿ ಕಟ್ಟಿದ್ದರು. ಅವಳು ಊರು ಮುಟ್ಟಿದ್ದು ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ. ಅವ್ವ ಹೋದದ್ದು ಅದೇ ದಿನ ಹೊತ್ತು ನೆತ್ತಿಗೇರಿದಾಗ.

ತಮ್ಮನ ಹೆಂಡತಿ ಯಾರಿಗೂ ಅಲ್ಲವೆಂಬಂತೆ ಹೇಳುತ್ತಿದ್ದಳು: "ಮೊನ್ನೆ ಬೆಳಿಗ್ಗೆಯಿಂದ ಬೀದಿಯಲ್ಲಿ ಬಂಡಿಯ ಸದ್ದಾದಾಗಲೆಲ್ಲ ಅತ್ತೆ ಬಾಗಿಲ ಕಡೆ ತಿರುಗುತ್ತಿದ್ದರು. ಎಣ್ಣೆಯವನ ಬಂಡಿಗೂ ತಿರುಗಿದರು. ಸಂತೆಯ ಬಂಡಿಗೂ ತಿರುಗಿದರು."

ರೈತ ಹೊಸ್ತಿಲಲ್ಲಿ ನಿಂತ. ಎಲ್ಲರೂ ಅವನನ್ನು ನೋಡಿದರು. ಹೆಂಡತಿಯೂ ತಲೆ ಎತ್ತಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಿನವೂ ಹೊಲದಿಂದ ಬಂದವನನ್ನು ಏನಾದರೂ ಕೇಳುವ ಹಾಗೆ ಕೇಳಿದಳು:

"ಕೋಳಿ ಎದ್ದಿತಾ?"

ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದು ಒಬ್ಬಳು ಅವಳ ಬೆನ್ನು ಸವರಿದಳು. ರೈತನಿಗೆ ಮಾತ್ರ ಅದು ಬಡಬಡಿಕೆಯಲ್ಲ ಎಂದು ತಿಳಿದಿತ್ತು. ಅವನು ದಾರಿಯುದ್ದಕ್ಕೂ ಜೋಡಿಸಿ ತಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

ಹನ್ನೊಂದು ದಿನ ಅವನು ಅಲ್ಲಿದ್ದ. ಹೇಳದೆಯೇ ನೀರು ಹೊತ್ತ, ಸೌದೆ ಒಡೆದ, ಬಂದವರಿಗೆ ಎಲೆ ಹಾಕಿದ. ಮಾತು ಬೇಕಾದಲ್ಲಿ ಮಾತ್ರ ಆಡಿದ. ಹನ್ನೆರಡನೆಯ ದಿನ ಹೆಂಡತಿಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಊರಿಗೆ ಹೊರಟ. ಮೂರು ಹರದಾರಿಯಲ್ಲಿ ಅವಳು ಮಾತಾಡಿದ್ದು ಒಂದೇ ಸಲ. ಹಳ್ಳ ಇಳಿಯುವಲ್ಲಿ, "ನಿಧಾನ" ಎಂದಳು.

ಮನೆಗೆ ಬಂದು ಎತ್ತು ಕಟ್ಟಿದ. ಗೋದಲಿ ಖಾಲಿಯಾಗಿತ್ತು. ಅಷ್ಟೂ ದಿನ ಕೋಳಿಗಳಿಗೆ ಕಾಳು ಹಾಕಿದ್ದ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ:

"ಅಜ್ಜಿ, ಕೋಳಿ ಯಾವಾಗ ಎದ್ದಿತು?"

"ಯಾವ ಕೋಳಿಯಪ್ಪ?"

"ಕಾವಿಗೆ ಕೂತಿತ್ತಲ್ಲ, ಚುಕ್ಕೆ ಕೋಳಿ."

"ಓ, ಅದಾ? ನೀನು ಹೋದ ಮೂರನೇ ದಿನವೋ ನಾಲ್ಕನೇ ದಿನವೋ ಇರಬೇಕು. ನಾನು ನೋಡಲಿಲ್ಲ. ಕಾಳು ಹಾಕಿದರೆ ಎಲ್ಲದರ ಜೊತೆ ಅದೂ ಬರುತ್ತಿತ್ತು."

ರೈತ ತಿಪ್ಪೆಯ ಕಡೆ ನೋಡಿದ. ಚುಕ್ಕೆ ಕೋಳಿ ಕೆದಕುತ್ತಿತ್ತು. ಒಂದು ಹುಳು ಸಿಕ್ಕಿತು, ತಿಂದಿತು. ಅವನನ್ನು ತಿರುಗಿಯೂ ನೋಡಲಿಲ್ಲ. ಅದಕ್ಕೆ ತಪ್ಪು ತಿಳಿಯಿತೇ ಇಲ್ಲವೇ ಎಂದು ಕೇಳುವ ದಾರಿ ಇರಲಿಲ್ಲ. ಬಹುಶಃ ಕಾವು ಇಳಿಯಿತು, ಎದ್ದಿತು. ಮಳೆ ನಿಲ್ಲುವ ಹಾಗೆ.

ಅವನು ಒಳಗೆ ಹೋದ. ಹೆಂಡತಿ ಒಲೆ ಊದುತ್ತಿದ್ದಳು.

"ಕೋಳಿ ತಾನಾಗಿಯೇ ಎದ್ದಿದೆ" ಎಂದ.

"ಹೂಂ" ಎಂದಳು.

ಅವಳು ಅವನನ್ನು ಬಿಟ್ಟುಹೋಗಲಿಲ್ಲ. ಬೈಯಲಿಲ್ಲ. ಅವ್ವನ ಮಾತನ್ನು ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿದಳು, ಕೋಳಿಗಳಿಗೆ ಕಾಳು ಚೆಲ್ಲಿದಳು. ಜನ ಮತ್ತೆ ನ್ಯಾಯ ಕೇಳಲು ಬಂದರು, ರೈತ ಮತ್ತೆ ನ್ಯಾಯ ಹೇಳಿದ. ಅಂದಿನಿಂದ ಅವನು ಯಾರಿಗೂ ಬುದ್ಧಿ ಹೇಳಲಿಲ್ಲ ಎಂದು ಕತೆಯನ್ನು ಚಂದ ಮಾಡುವವರು ಹೇಳುವುದುಂಟು. ಹಾಗೇನೂ ಆಗಲಿಲ್ಲ. ಮೊದಲಿಗಿಂತ ಕಡಿಮೆ ಹೇಳಿದ, ಅಷ್ಟೇ.

ಮನೆಯಲ್ಲಿ ಮಾತ್ರ ಒಂದು ವಿಷಯ ಬದಲಾಯಿತು. ಅವನು ಏನು ಹೇಳಿದರೂ ಹೆಂಡತಿ, "ನೀವು ಹೇಳುವುದು ಸರಿ" ಎನ್ನುತ್ತಿದ್ದಳು. ಜೋಳ ತುಂಬಿಡುವ ಹಗೇವನ್ನು ಬೇರೆ ಕಡೆ ತೋಡೋಣ ಎಂದರೆ, "ಸರಿ." ಆಡನ್ನು ಕೊಟ್ಟುಬಿಡೋಣ ಎಂದರೆ, "ಸರಿ." ಮೊದಮೊದಲು ರೈತನಿಗೆ ಇದು ಹಿತವಾಗಿತ್ತು. ಕ್ಷಮಿಸಿದ್ದಾಳೆ ಎಂದುಕೊಂಡ. ಒಂದು ದಿನ ಬೇಕೆಂದೇ ತಪ್ಪು ಹೇಳಿದ. ಎರಡು ಎತ್ತುಗಳಲ್ಲಿ ಎಡಗಡೆಯದು ನಿಮ್ಮ ತವರಿನದಲ್ಲವೇ ಎಂದು ಕೇಳಿದ. ಬಲಗಡೆಯದು ಅವಳ ತವರಿನದು. ಕರುವಾಗಿದ್ದಾಗ ಅವ್ವ ಕೊಟ್ಟದ್ದು. ಅವಳೇ ಹಾಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಕುಡಿಸಿ ಬೆಳೆಸಿದ್ದಳು.

"ಹೌದು, ನೀವು ಹೇಳುವುದು ಸರಿ" ಎಂದಳು ಅವಳು.

ರೈತ ಎದ್ದು ಕೊಟ್ಟಿಗೆಗೆ ಹೋಗಿ ಆ ಎತ್ತಿನ ಕೊರಳ ಮೇಲೆ ಕೈಯಿಟ್ಟು ನಿಂತ. ಆಮೇಲೆ ಅವರಿಬ್ಬರೂ ಆ ಮನೆಯಲ್ಲಿ ಬಹಳ ವರ್ಷ ಬದುಕಿದರು. ಅವಳು ಅವನ ಯಾವ ಮಾತಿಗೂ ಎದುರು ಹೇಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹಾಲಯ್ಯ ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ.

"ಗುರುಗಳೇ, ಆ ರೈತನ ಪಾಡಿಗೆ ನನಗೂ ಮರುಕವಿದೆ. ಆದರೆ ಕೋಳಿ ಕೂತದ್ದು ಕಲ್ಲಿನ ಮೇಲಲ್ಲವೇ? ಕಲ್ಲು ಮರಿಯಾಗುವುದಿಲ್ಲವಲ್ಲ. ಹಾಗಾದರೆ ಅವನು ಹೇಳಿದ್ದು ಸರಿಯೇ ತಾನೆ?" ಎಂದ.

"ಸರಿಯೇ. ಕೊನೆಗೆ ಆ ಮನೆಯಲ್ಲಿ ಅವನ ಜೊತೆಗೆ ಉಳಿದದ್ದು ಆ ಸರಿಯೊಂದೇ" ಎಂದರು ಗುರುಗಳು.